ಪುಡಿ ಹಚ್ಚದ ನಾಯಿ

ಪಕ್ಕದ ಗುಡಿಸಲಿನ ಮರೆಮ್ಮ ಚಂದವ್ವನ ಎಡಗೈ ಹೆಬ್ಬೆರಳನ್ನು ಹಿಡಿದು ಶಾಯಿ ಪ್ಯಾಡಿನ ಮೇಲೆ ಒತ್ತಿಯೇಬಿಟ್ಟಳು.

"ಈಗ ಫಾರಂ ಮ್ಯಾಲ ಒತ್ತಕ್ಕಾ. ಗಂಡನ ನೌಕರಿ ಹೆಂಡ್ತಿಗಿ ಕೊಡೂ ಕಂಪನಿ ಎಲ್ಲಿ ಐತಿ? ಸಾಹೇಬ್ರು ತಾವಾಗೇ ತಂದಾರ."

ಗುಡಿಸಲ ಹೊರಗೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಒಳಗೆ ಅವಳ ಗಂಡ ಮಾಪಣ್ಣ ಹಣೆಗೆ ಭಂಡಾರದ ಅರಿಶಿನ ಹಚ್ಚಿಸಿಕೊಂಡು ಮಲಗಿದ್ದ. ಅವನ ಕಾಲ ಹತ್ತಿರ ಒಂದು ಬಿಳಿ ನಾಯಿ. ಎಷ್ಟು ಗದರಿಸಿದರೂ ಅದು ಏಳುತ್ತಿರಲಿಲ್ಲ.

ಸಾಹೇಬರೆಂದರೆ ಡಾಕ್ಟರ್ ತಾರಾನಾಥ, ಉಡುಪಿ ಕಡೆಯವರು. ಠಾಣೆ ಪಟ್ಟಣದ ಪಕ್ಕದ ರಬಾಳೆಯಲ್ಲಿ, ಕಂಪನಿಯ ಪ್ರಯೋಗಶಾಲೆಯಲ್ಲಿ ನಾಯಿಗಳ ಚಿಗಟದ ಮೇಲೆ ಸಂಶೋಧನೆ ಮಾಡುತ್ತಿದ್ದವರು ಈಗ ಅದೇ ಕಟ್ಟಡದ ಸ್ಟೋರಿನಲ್ಲಿ ಖಾಲಿ ಬಾಟಲಿ ಕಾಯುತ್ತಿದ್ದರು. ಠಾಣೆಯ ಮನೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು.

"ಅವಸರ ಮಾಡಬೇಡ ಮಾರಾಯ್ತಿ," ಎಂದರು ಮರೆಮ್ಮನಿಗೆ. ಆಮೇಲೆ ಚಂದವ್ವನ ಕಡೆ ತಿರುಗಿ, "ಇವತ್ತೇ ಕೊಟ್ಟರೆ ಕೆಲಸ ಆಗ್ತದೆ, ಅಷ್ಟೆ. ಮಾಪಣ್ಣನಷ್ಟು ಪ್ರಾಮಾಣಿಕ ಮನುಷ್ಯ ನಮ್ಮಲ್ಲಿ ಇನ್ನೊಬ್ಬ ಇರಲಿಲ್ಲ ಅಂತ ಕೆಳಗೆ ನಾನೇ ಬರೆದಿದ್ದೇನೆ," ಎಂದರು.

ಚಂದವ್ವನ ಹೆಬ್ಬೆರಳು ಕಾಗದದ ಮೇಲೆ ಬರದೆ ಅಲ್ಲೇ ನಿಂತಿತು.

*

ಮೂರು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಮಾಪಣ್ಣ ನೋಡಿಕೊಳ್ಳುತ್ತಿದ್ದ ಪ್ರಯೋಗಶಾಲೆಯ ಶೆಡ್ಡಿನಲ್ಲಿ ಹನ್ನೆರಡು ನಾಯಿಗಳಿದ್ದವು. ಎಲ್ಲದರ ಕಿವಿಯೊಳಗೂ ಹಚ್ಚೆ ಹಾಕಿದ ಒಂದೊಂದು ನಂಬರು. ಮೊದಲ ಆರಕ್ಕೆ ಡಾಕ್ಟರರ ಹೊಸ ಪುಡಿ. ಏಳರಿಂದ ಹನ್ನೆರಡರವರೆಗೆ ಏನೂ ಇಲ್ಲ. ಪ್ರತಿ ಸೋಮವಾರ ಡಾಕ್ಟರು ಸಣ್ಣ ಹಲ್ಲಿನ ಬಾಚಣಿಗೆಯಿಂದ ನಾಯಿಗಳನ್ನು ಬಾಚಿ, ಸಿಕ್ಕ ಚಿಗಟಗಳನ್ನು ಎಣಿಸುತ್ತಿದ್ದರು.

"ಈ ಆರಕ್ಕೆ ಪುಡಿ ಮುಟ್ಟಿಸಬಾರದು ಮಾಪಣ್ಣ. ಇವು ಹೇಗಿವೆಯೋ ಹಾಗೇ ಇರಬೇಕು."

ಮಾಪಣ್ಣ ಪುಡಿ ಮುಟ್ಟಿಸಲಿಲ್ಲ, ದೇವರಾಣೆ. ಆದರೆ ಏಳನೆಯದು ಕೆರೆದು ಕೆರೆದು ಬೆನ್ನಿನ ಕೂದಲೆಲ್ಲ ಉದುರಿಸಿಕೊಂಡು, ಹಸಿ ಚರ್ಮ ನೆಕ್ಕುತ್ತಾ ಅವನ ಮುಖ ನೋಡುತ್ತಿತ್ತು. ಅದನ್ನು ನೋಡಿ ಅವನಿಗೆ ಅನ್ನ ಇಳಿಯಲಿಲ್ಲ. ಹೆಂಡತಿಯ ಹೇನಿನ ಬಾಚಣಿಗೆಯನ್ನು ಅಂಗಿಯಲ್ಲಿಟ್ಟುಕೊಂಡು ಹೋಗಿ, ಬೆಳಗಾಗುವುದರೊಳಗೆ ಆರನ್ನೂ ಬಾಚಿ, ಚಿಗಟಗಳನ್ನು ಸಾಬೂನು ನೀರಿಗೆ ಬಿಡತೊಡಗಿದ. ಬಾಚಣಿಗೆ ಔಷಧಿಯಲ್ಲವಲ್ಲ ಎಂಬುದು ಅವನ ಲೆಕ್ಕ.

ವರ್ಷ ಕಳೆಯಿತು. ಪುಡಿ ಹಚ್ಚಿದ ನಾಯಿಗಳಲ್ಲೂ ಚಿಗಟ ಕಡಿಮೆ, ಹಚ್ಚದ ನಾಯಿಗಳಲ್ಲೂ ಕಡಿಮೆ. ಪುಡಿಯಿಂದ ಏನೂ ಆಗಿಲ್ಲ ಎಂದು ಡಾಕ್ಟರು ತಮ್ಮ ಕೈಯಾರೆ ಬರೆದುಕೊಟ್ಟರು. ಕಂಪನಿಯವರು ಅವರ ಮೇಜಿನಿಂದ ಸೂಕ್ಷ್ಮದರ್ಶಕ ಎತ್ತಿಕೊಂಡು ಹೋಗಿ ಅವರನ್ನು ಸ್ಟೋರಿಗೆ ಹಾಕಿದ ದಿನ ಮಾಪಣ್ಣನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಹೇಳಬೇಕೆಂದು ಮೂರು ಸಲ ಸ್ಟೋರಿನ ಬಾಗಿಲವರೆಗೆ ಹೋಗಿ, ಮೂರು ಸಲವೂ ಹೆದರಿ ವಾಪಸು ಬಂದ. ಏಳನೇ ನಾಯಿಯನ್ನು ಮಾತ್ರ ಬೇಡಿಕೊಂಡು ಮನೆಗೆ ತಂದ.

ನಿನ್ನೆ ಉಸಿರು ಎಳೆಯುತ್ತಿದ್ದಾಗ ಹೆಂಡತಿಯ ಕೈ ಹಿಡಿದಿದ್ದ. "ಸಾಹೇಬ್ರಿಗಿ ನೀ ಹೇಳು ಚಂದಿ. ಹೇಳಲಾರದ ನನ್ನ ಕುಣ್ಯಾಗ ಇಳಸಬ್ಯಾಡ."

*

"ಸಾಹೇಬ್ರ, ಅವ ಬಾಚತಿದ್ದ," ಎಂದಳು ಚಂದವ್ವ.

ಮರೆಮ್ಮ ಅವಳ ತೊಡೆ ಚಿವುಟಿದಳು. "ಬಾಯಿ ಮುಚ್ಚ! ನಾಳಿ ಏನ್ ತಿಂತಿ?"

"ಪುಡಿ ಹಚ್ಚಲಾರದ ನಾಯಿಗೋಳ್ನ ದಿನಾ ಬಾಚತಿದ್ದ. ನನ್ನ ಹಣಗೀಲೇ. ನಿಮ್ಮ ಪುಡಿ ಛಲೋನೇ ಇತ್ತಂತ್ರಿ ಸಾಹೇಬ್ರ."

ಡಾಕ್ಟರು ಏಳರಿಂದ ಹನ್ನೆರಡರವರೆಗೆ ಬೆರಳು ಮಡಚಿ ಎಣಿಸಿದರು. ಅರ್ಥವಾದಾಗ ಅಲ್ಲೇ ಬೋರಲು ಹಾಕಿದ್ದ ಬಕೆಟಿನ ಮೇಲೆ ಕೂತುಬಿಟ್ಟರು.

"ದಿನಾ?"

"ದಿನಾರಿ."

"ಹನ್ನೊಂದು ವರ್ಷ ಮಾಡಿದ ಪುಡಿ ಅದು," ಎಂದು ಹೆಣದ ಕಡೆ ನೋಡಿದರು. "ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ? ನಾನೇ ದಡ್ಡ ಅಂದುಕೊಂಡು ಬದುಕಿದೆನಲ್ಲ."

ಚಂದವ್ವ ಹೆಬ್ಬೆರಳನ್ನು ಸೀರೆಗೆ ತಾಗದಂತೆ ದೂರ ಹಿಡಿದು ಕಾದಳು. ಡಾಕ್ಟರು ಫಾರಂ ತೆಗೆದುಕೊಂಡು, ತಾವು ಬರೆದ ಸಾಲನ್ನು ಮತ್ತೆ ಓದಿದರು. ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು.

ಹೆಣದ ಹಿಂದೆ ಅವರೂ ನಡೆದರು. ಕುಣಿಗೆ ಮೂರು ಹಿಡಿ ಮಣ್ಣು ಹಾಕಿದರು. ಎಲ್ಲರೂ ತಿರುಗಿದ ಮೇಲೆ ಯಾರನ್ನೂ ನೋಡದೆ ಬಸ್ಸಿನ ರಸ್ತೆ ಹಿಡಿದರು.

"ಆತಲ್ಲ ಈಗ? ಕೈಗಿ ಬಂದಿದ್ದು ಬಾಯಿಗಿ ಬರಲಿಲ್ಲ," ಎಂದಳು ಮರೆಮ್ಮ. ಅವಳೂ ಅಳುತ್ತಿದ್ದಳು.

ಮೈ ತೊಳೆದುಕೊಂಡರೂ ಹೆಬ್ಬೆರಳಿನ ಶಾಯಿ ಹೋಗಲಿಲ್ಲ. ಹೊಸ್ತಿಲಲ್ಲಿ ನಾಯಿ ಪರಪರ ಕೆರೆದುಕೊಳ್ಳುತ್ತಿತ್ತು. ಮೂರು ದಿನದಿಂದ ಅದನ್ನು ಯಾರೂ ಬಾಚಿರಲಿಲ್ಲ. ಚಂದವ್ವ ಬೋಗುಣಿಯಲ್ಲಿ ಸಾಬೂನು ನೀರು ಕಲಸಿ, ಗೂಡಿನಿಂದ ಬಾಚಣಿಗೆ ತೆಗೆದುಕೊಂಡು ಕೂತಳು. ನಾಯಿ ತಾನಾಗಿ ಬಂದು ಅವಳ ತೊಡೆಯ ಮೇಲೆ ಗದ್ದ ಇಟ್ಟಿತು. ಒದ್ದೆ ಕೈಯಲ್ಲಿ ಅದರ ಕಿವಿಯನ್ನು ಮಡಚಿ ಹಿಡಿದು, ಕುತ್ತಿಗೆಯನ್ನು ನಿಧಾನವಾಗಿ ಬಾಚಿದಳು. ಕೈ ಬಿಟ್ಟಾಗ ಬಿಳಿ ಕಿವಿಯೊಳಗೆ, ಮಾಸಿದ ಏಳರ ಪಕ್ಕದಲ್ಲಿ, ಅವಳ ಹೆಬ್ಬೆಟ್ಟು ನೀಲಿಯಾಗಿ ಮೂಡಿತ್ತು.