ಕೇಕಿನ ಚಳಿ ಬಿಡುವ ಹೊತ್ತು

ಫ್ರೀಜರಿನ ಬಾಗಿಲು ತೆಗೆಯುವ ಮುಂಚೆ ಸ್ವೆಟರ್ ಹಾಕಿಕೊಳ್ಳುವವರೆಂದರೆ ನಾನು ಕಂಡಂತೆ ಚಿಕ್ಕಮ್ಮನೊಬ್ಬಳೇ. ಮೊಣಕೈ ಸವೆದು ಜಾಳಾದ ಆ ಬೂದುಬಣ್ಣದ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಯಾರನ್ನೋ ನೋಡಲು ಹೊರಟವಳ ಗಾಂಭೀರ್ಯದಿಂದ, ಅಡುಗೆಮನೆ ಹೊಕ್ಕು, ತಾನೇ ಬೇಯಿಸಿ ಮಂಜಿನಲ್ಲಿ ಮಲಗಿಸಿದ್ದ ಕೇಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದಳು. ವೃತ್ತಿಯಿಂದ ದರ್ಜಿ. ಕೇಕಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದೂ ಅಳತೆ ತೆಗೆದು ಅಂಗಿ ತೊಡಿಸಿದ ಹಾಗೆ, ಸುಕ್ಕಿಲ್ಲದೆ. ಅಂಗಡಿಯಲ್ಲಿ ಹೊಲಿಗೆ ಕಡಿಮೆಯಿದ್ದಾಗ ಬೇಯಿಸಿಡುವುದು, ಸಂಭ್ರಮ ಬಂದಾಗ ಅದರ ಚಳಿ ಬಿಡಿಸುವುದು ಅವಳ ಪದ್ಧತಿ.

ಒಂದು ಜ್ವರ ಅವಳ ಘ್ರಾಣಶಕ್ತಿಯನ್ನು ಹೊತ್ತುಕೊಂಡು ಹೋಗಿ ವರ್ಷವಾಗಿತ್ತು. "ಈ ಮೂಗು ಈಗ ಬರೀ ಕನ್ನಡಕ ಕೂರಿಸೋಕೆ ಕಣೇ" ಎಂದು ನಗುತ್ತಿದ್ದಳಾದರೂ ಅಂದಿನಿಂದ ಯಾರಿಗೂ ಕೇಕು ಮಾಡಿಕೊಟ್ಟಿರಲಿಲ್ಲ. ನನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ನಾನೇ ಹಟ ಹಿಡಿದೆ. "ಬೇಕರಿಯಿಂದ ತರೋಣ, ಅವರಿಗ್ಯಾಕೆ ತೊಂದರೆ" ಎಂದು ನನ್ನ ಗಂಡ ಗೊಣಗಿದರು. ಚಿಕ್ಕಮ್ಮ, "ಇದೊಂದು ಮಾಡ್ತೀನಿ. ಇದು ಕೆಟ್ರೆ ಇನ್ಮೇಲೆ ಒಲೆ ಹಚ್ಚಲ್ಲ" ಎಂದಳು. ಆ ಮಾತಿನಲ್ಲಿ ನಗುವಿರಲಿಲ್ಲ.

ಹುಟ್ಟುಹಬ್ಬದ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಅವಳು ತನ್ನ ಮನೆಯಿಂದ ತಂದ ಕೇಕು, ಆಚೆ ಈಚೆ ನಾವಿಬ್ಬರು, ನನ್ನ ತೊಡೆಯ ಮೇಲೆ ನಿದ್ದೆಹೋದ ಮಗು. ಕಿಟಕಿಯ ಪರದೆ ಮೆಲ್ಲಗೆ ಉಸಿರಾಡುತ್ತಿತ್ತು. ಹಾಳೆಯ ಮೇಲೆ ಮೊದಲು ಮಂಜಿನ ಬಿಳುಪು, ಆಮೇಲೆ ಸಣ್ಣ ಹನಿಗಳು, ಆಮೇಲೆ ಹನಿ ಹನಿ ಕೂಡಿ ಜಾರಿದ ದಾರಿಗಳು. ನೋಡುತ್ತ ನೋಡುತ್ತ, ಕರಗುತ್ತಿರುವುದು ಕೇಕೋ ಮಧ್ಯಾಹ್ನವೋ ತಿಳಿಯದೆ ನನಗೂ ರೆಪ್ಪೆ ಭಾರವಾಯಿತು. ನಾನು ಕೈ ಚಾಚಿದರೆ ಚಿಕ್ಕಮ್ಮ ತಡೆದಳು.

"ಬಿಚ್ಚಬೇಡ. ಅದರ ಪಾಡಿಗೆ ಅದಿರಲಿ. ಈಗ್ಲೇ ಬಿಚ್ಚಿದ್ರೆ ಬೆವರೆಲ್ಲ ಕೇಕಿನ ಮೈಮೇಲೆ ಕೂರತ್ತೆ. ಬಟ್ಟೆ ಒದ್ದೆಯಾಗ್ಲಿ, ಮೈ ಒಣಗಿರ್ಲಿ."

ಕೊನೆಗೊಮ್ಮೆ ಅಪ್ಪಣೆಯಾಯಿತು. ಬಿಚ್ಚುವಾಗ ಕಂಡೆ: ಒಂದು ಮೂಲೆಯ ಮಡಿಕೆ ಬಿಟ್ಟುಕೊಂಡಿತ್ತು. ವೆನಿಲ್ಲಾದ ಹಿಂದೆಯೇ, ಕರೆಯದೆ ಬಂದ ನೆಂಟನಂತೆ, ಬೆಳ್ಳುಳ್ಳಿಯ ವಾಸನೆ. ಅವಳ ಫ್ರೀಜರಿನಲ್ಲಿ ಪಕ್ಕದಲ್ಲೇ ಇದ್ದ ಅರೆದ ಬೆಳ್ಳುಳ್ಳಿಯ ಡಬ್ಬಿಯ ಮುಚ್ಚಳ ಸಡಿಲವಾಗಿತ್ತೇನೋ. ಆ ಸುದ್ದಿಯನ್ನು ಅವಳಿಗೆ ಹೇಳಬೇಕಾದ ಮೂಗು ಮೌನವಾಗಿತ್ತು.

ಅವಳು ಕೇಕನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಏನು ವಾಸನೆ?"

"ಏನಿಲ್ಲ ಚಿಕ್ಕಮ್ಮ..."

"ಸುಳ್ಳು ಹೇಳಿದ್ರೆ ಮಗು ನಿನ್ನಿಂದ್ಲೇ ಕಲಿಯತ್ತೆ. ಹೇಳು."

"ಬೆಳ್ಳುಳ್ಳಿ."

ಅವಳ ಮುಖ ಒಂದು ಕ್ಷಣ ಬರಿದಾಯಿತು. ಕೈಗಳು ಮಡಿಲಿಗೆ ಇಳಿದವು. ನಾನು ಬಗ್ಗಿ ಮತ್ತೆ ಮೂಸಿದೆ. "ಮೇಲ್ಮೇಲಷ್ಟೇ ಇದ್ದ ಹಾಗಿದೆ. ಒಳಗೆ ಹೋಗಿಲ್ಲ ಅನ್ಸತ್ತೆ."

ಅವಳು ಗರಗಸದಂಥ ಹಲ್ಲಿನ ಚಾಕು ಹಿಡಿದು ಎದ್ದಳು. ಬಟ್ಟೆಯ ಅಂಚು ಕತ್ತರಿಸುವ ನಾಜೂಕಿನಿಂದ ಕೇಕಿನ ಚರ್ಮವನ್ನು ಹಾಳೆಹಾಳೆಯಾಗಿ ತೆಗೆಯತೊಡಗಿದಳು.

"ಈಗ?"

"ಇನ್ನೂ ಸ್ವಲ್ಪ."

"ಈಗ?"

"ಆ ಮೂಲೇಲಿ ಮಾತ್ರ."

"ಈಗ ಹೇಳೇ, ಮೂಗಿನ ಮಹಾರಾಣಿ!"

"ಈಗ ಬರೀ ವೆನಿಲ್ಲಾ."

ಸಂಜೆ ನಾದಿನಿ ಬಂದವಳೇ, "ಇದೇನು, ಕೇಕು ಇಷ್ಟು ಚಿಕ್ಕದು?" ಎಂದಳು. "ಮಗು ದೊಡ್ಡದಾಯ್ತಲ್ಲಮ್ಮ, ಪಕ್ಕದಲ್ಲಿಟ್ರೆ ಹಾಗೇ ಕಾಣೋದು" ಎಂದಳು ಚಿಕ್ಕಮ್ಮ. ನನ್ನ ಗಂಡ ಒಂದು ತುಂಡು ತಿಂದು, ಸದ್ದಿಲ್ಲದೆ ಎರಡನೆಯದಕ್ಕೆ ತಟ್ಟೆ ಚಾಚಿದರು. ಅದನ್ನು ಕಣ್ಣಲ್ಲೇ ಅಳೆದ ಚಿಕ್ಕಮ್ಮ ತುಂಡನ್ನು ಬಡಿಸುತ್ತ ಕೇಳಿದಳು: "ಅಳಿಯಂದ್ರೇ, ನಿಮ್ಮ ಹುಟ್ಟಿದ ದಿನ ಯಾವಾಗ?"

ದೇಹ ಒಂದು ಬಾಗಿಲು ಮುಚ್ಚಿಕೊಂಡಾಗ ಅದರೆದುರು ಗೋಡೆಯಂತೆ ನಿಂತುಬಿಡುವವರನ್ನು ನಾನು ಬಲ್ಲೆ. ಏನೂ ಆಗಿಲ್ಲವೆಂದು ನಟಿಸುತ್ತ ಅವರು ಕ್ರಮೇಣ ಒಂಟಿಯಾಗುತ್ತಾರೆ. ಇನ್ನೊಂದು ಜಾತಿಯವರು ಪಕ್ಕದವರ ಕಿಟಕಿ ತಟ್ಟಿ, "ಹೊರಗೆ ಏನು ಕಾಣ್ತಿದೆ, ಹೇಳು" ಎಂದು ಸಂಕೋಚವಿಲ್ಲದೆ ಕೇಳುತ್ತಾರೆ. ಅವರಿಗೆ ನಿಜ ಹೇಳುವ ಧೈರ್ಯವೊಂದನ್ನು ನಾವು ತೋರಿದರೆ ಸಾಕು, ಉಳಿದದ್ದನ್ನು ಅವರ ಕೈಗಳೇ ನೋಡಿಕೊಳ್ಳುತ್ತವೆ.