ಬುಬು ಅಕಾನಿಸಿಯ ತುರಿಮಣೆ

ಕಥೆ ಕೇಳುವಾಗ ಬುಬು ಅಕಾನಿಸಿ ಹೇಳುವವರ ಮುಖ ನೋಡುತ್ತಿರಲಿಲ್ಲ, ತೆಂಗಿನಕಾಯಿ ತುರಿಯುತ್ತಿದ್ದರು. ನಮ್ಮ ದ್ವೀಪನಾಡಿನ ಸುವಾ ಪಟ್ಟಣದ ಸಿನಿಮಾ ಬರಹಗಾರರ ಬಳಗದಲ್ಲಿ ಯಾರಿಗೇ ಒಂದು ಕಥೆಯ ಎಳೆ ಹೊಳೆಯಲಿ, ಅದನ್ನು ಚಿತ್ರಕಥೆಯಾಗಿ ಬೆಳೆಸುವ ಮುನ್ನ ಅವರ ಹಿತ್ತಿಲಿಗೆ ಹೋಗಿ, ತುರಿಮಣೆಯೆದುರು ಚಾಪೆಯ ಮೇಲೆ ಕುಳಿತು, ಬರೆದ ಹಾಳೆಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು, ಬಾಯಲ್ಲೇ ಹೇಳಬೇಕು. ಕರಕರನೆ ತುರಿ ಬೀಳುತ್ತಲೇ ಇದ್ದರೆ ಕಥೆಯಲ್ಲಿ ಜೀವವಿಲ್ಲವೆಂದೇ ಅರ್ಥ. ಕೈ ನಿಂತಿತೋ, ಆಹಾ, ಆ ನಿಶ್ಶಬ್ದಕ್ಕಾಗಿ ನಾವು ಎಷ್ಟು ಹಂಬಲಿಸಿದ್ದೇವೆ!

ಬುಬು ಎಂದರೆ ಅಜ್ಜಿ. ಅವರು ಎಲ್ಲರಿಗೂ ಬುಬು. ದೋಣಿಯಲ್ಲಿ ನಿಂತವರಂತೆ ಕಾಲಗಲಿಸಿ ವಾಲಾಡುವ ನಡಿಗೆ, ರೇಡಿಯೋ ನಾಟಕ ವಿಭಾಗದಿಂದ ನಿವೃತ್ತರಾದ ಮೇಲೂ ಮೈಬಿಡದ ನೀಲಿ ಕೋಟು, ಸುಡುಬಿಸಿಲಲ್ಲೂ ಅದರ ಗುಂಡಿಗಳು ಕೊರಳವರೆಗೆ ಭದ್ರ. ಮಾತಿಗೊಮ್ಮೆ "ಆಮೇಲೆ?" ಎನ್ನುವುದು ಚಾಳಿ. ಮೀನು ಮಾರುವವಳು ದರ ಹೇಳಿದರೂ "ಆಮೇಲೆ?" ಎಂದು ಕೇಳಿ ಅವಳನ್ನು ಕಕ್ಕಾಬಿಕ್ಕಿ ಮಾಡುತ್ತಿದ್ದರು.

ನಮ್ಮಲ್ಲಿ ಬಂಧುವಾದವರು "ಕೆರೆಕೆರೆ" ಎಂದು ಕೈಯೊಡ್ಡಿ ಬೇಡಿದರೆ, ಬೇಡಿದ್ದು ಹಂದಿಯಿರಲಿ ಹೊಸ ಚಾಪೆಯಿರಲಿ, ಇಲ್ಲವೆನ್ನುವುದು ಮರ್ಯಾದೆಯಲ್ಲ. ಕೊಟ್ಟ ಮೇಲೆ ಅದು ಕೊಟ್ಟವರದೂ ಅಲ್ಲ. ಬುಬು ಈ ಪದ್ಧತಿಯನ್ನೇ ಕಥಾವಿಮರ್ಶೆಗೆ ಎಳೆತಂದ ಪುಣ್ಯಾತ್ಗಿತ್ತಿ. ಕಥೆ ಚೆನ್ನಾಗಿಲ್ಲವೆಂಬ ಮಾತು ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ. ತಮ್ಮ ಕೈ ಎಲ್ಲಿ ನಿಂತಿತೆಂದು ಮೊದಲು ಹೇಳುವರು. ಅನಂತರ, ಕಥೆಗೆ ಭಾರವೂ ಬರೆದವರಿಗೆ ಪ್ರಾಣವೂ ಆದದ್ದು ಯಾವುದೋ ಅದನ್ನೇ ಬೇಡುವರು. "ಆ ಶಾರ್ಕ್ ಮೀನು ನಂಗೆ ಕೊಟ್ಬಿಡಪ್ಪ, ಕೆರೆಕೆರೆ." ಹೀಗೆ ಬೇಡಿ ತಂದ ಶಾರ್ಕುಗಳು, ಅವಳಿ-ಜವಳಿಗಳು, ನೆನಪು ಕಳೆದುಕೊಂಡ ನಾವಿಕರಿಂದ ಅವರ ಮನೆಯಲ್ಲಿ ಕಾಲಿಡಲು ಜಾಗವಿಲ್ಲವೆಂದು ನಾವು ನಗುತ್ತಿದ್ದೆವು. ನನ್ನ ಕುರುಡ ಪಾದ್ರಿಯೊಬ್ಬನೂ ಅಲ್ಲೇ ಎಲ್ಲೋ ಇದ್ದಾನೆ.

ಎಲ್ಲರಿಂದ ಇಷ್ಟೆಲ್ಲ ಪಡೆದ ಬುಬು ಒಂದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದಾಸವಾಳದ ಬೇಲಿಯಾಚೆ ಅವರ ತಮ್ಮನ ಹೆಂಡತಿ ಉನಾಯಿಸಿಯ ಮನೆ. ಇಬ್ಬರಿಗೂ ವರ್ಷಾನುಗಟ್ಟಲೆ ಮಾತಿಲ್ಲ. ಯಾಕೆಂದು ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿಲ್ಲ, ಕೇಳುವ ಎದೆಗಾರಿಕೆಯೂ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ತರಾಯಿವಿನಿ ಓಡೋಡಿ ಬಂದಳು. ನಮ್ಮ ಬಳಗದಲ್ಲಿ ಅತಿ ಹೆಚ್ಚು ಬರೆದವಳು, ಅತಿ ಹೆಚ್ಚು ಬಾರಿ ಬರಿಗೈಯಲ್ಲಿ ಮರಳಿದವಳು. "ಆಕ್ಲೆಂಡಿನ ನಿರ್ಮಾಪಕರು ಇವತ್ತು ಮಧ್ಯಾಹ್ನ ಕಥೆ ಕೇಳ್ತಾರೆ ಬುಬು, ಆರ್ಸೋದು ಒಂದೇ. ಈ ಸಲಾನೂ ಆಗ್ದಿದ್ರೆ ನಾನು ಪೆನ್ನು ಮುಟ್ಟಲ್ಲ, ನೋಡ್ತಿರಿ."

"ಆಮೇಲೆ?" ಎಂದರು ಬುಬು, ಕಾಯಿ ಕೈಗೆತ್ತಿಕೊಂಡು.

ಕಡಲ ಮಟ್ಟ ಏರಿ ನೀರಲ್ಲಿ ಮುಳುಗುತ್ತಿರುವ ಹಳ್ಳಿಯೊಂದನ್ನು ಗುಡ್ಡದ ಮೇಲಕ್ಕೆ ಸಾಗಿಸುವ ಕಥೆ. ಕೊನೆಯಲ್ಲಿ ಪ್ರಳಯಸದೃಶ ಚಂಡಮಾರುತ. ಎದ್ದು ನಿಂತು, ಕೈಕಾಲು ಬೀಸಿ, ಅವಳು ಆ ಚಂಡಮಾರುತವನ್ನು ಬಣ್ಣಿಸಿಯೇ ಬಣ್ಣಿಸಿದಳು. ತುರಿ ಬೀಳುತ್ತಲೇ ಇತ್ತು. ದನಿ ಉಡುಗಿತು. ಮುಗಿಸಿದರೆ ಸಾಕೆಂಬಂತೆ, "ಹಾಂ, ಹೊಸ ಊರಲ್ಲಿ ಚೀಟಿ ಎತ್ತಿ ಮನೆ ಹಂಚ್ತಾರೆ. ಮಾತು ಬಿಟ್ಟು ಆ ತುದಿ ಈ ತುದೀಲಿದ್ದ ಅತ್ತಿಗೆ-ನಾದಿನಿಗೆ ಅಕ್ಕಪಕ್ಕದ ಮನೆ ಬರತ್ತೆ. ಇಬ್ರಿಗೂ ಒಂದೇ ನಲ್ಲಿ," ಎಂದಳು.

ಕೈ ನಿಂತಿತು!

"ಅಯ್ಯೋ ಹುಚ್ಚಿ! ಮುತ್ತು ಮುಚ್ಚಿಟ್ಟು ಚಿಪ್ಪು ತೋರಿಸ್ತಿದೀಯಲ್ಲೇ! ಇದೇ ಕಣೇ ಕಥೆ. ಕಡಲು ಎಷ್ಟೇ ದೊಡ್ಡದಾಗಿರ್ಲಿ, ಅದಕ್ಕೆ ಏನೂ ಬೇಕಾಗಿಲ್ಲ. ಇವರಿಬ್ರಿಗೆ ಒಬ್ರ ಮಾತು ಒಬ್ರಿಗೆ ಬೇಕು. ಬೆಳಗಾದ್ರೆ ಒಂದೇ ನಲ್ಲಿ ಮುಂದೆ ನಿಲ್ಬೇಕು, ಮಾತಾಡೋ ಹಾಗಿಲ್ಲ! ಆ ಚಂಡಮಾರುತ ನಂಗೆ ಕೊಡು ಮಗಾ, ಕೆರೆಕೆರೆ."

ತರಾಯಿವಿನಿಯ ಕಣ್ಣು ತುಂಬಿತು. "ನಮ್ಮ ಮನೆ ಹೋಗಿದ್ದು ಅದ್ರಲ್ಲೇ ಬುಬು."

"ಗೊತ್ತು ಕಣೇ. ಜೋಪಾನವಾಗಿ ಇಟ್ಟಿರ್ತೀನಿ. ಅದಕ್ಕೆ ಸರಿಯಾದ ಕಥೆ ಬಂದಾಗ ನೀನೇ ಬಂದು ಕೇಳು." ಅವಳು ಮೂಗೊರಸಿಕೊಂಡು ತಲೆಯಾಡಿಸಿದಳು, ಕೊಟ್ಟಳು. "ಸರಿ, ಅವರಿಬ್ರು ಮಾತು ಬಿಟ್ಟಿದ್ಯಾಕೆ?" ಎಂದರು ಬುಬು.

"ಗೊತ್ತಿಲ್ಲ."

"ಆ ನಿರ್ಮಾಪಕರು ಮೊದ್ಲು ಕೇಳೋದೇ ಅದನ್ನ. ಹೇಳು ಹೇಳು, ಯಾಕೆ?"

ತರಾಯಿವಿನಿ ದಾಸವಾಳದ ಬೇಲಿಯತ್ತ ನೋಡಿದಳು. ಬುಬುವಿನ ಮುಖ ನೋಡಿದಳು. ಮೆಲ್ಲಗೆ ಎರಡೂ ಕೈಯೊಡ್ಡಿದಳು. "ಬುಬು, ಕೆರೆಕೆರೆ. ನಿಮ್ಮ ಜಗಳ ನಂಗೆ ಕೊಡಿ."

ಇಡೀ ಸುವಾದಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ಬುಬು ಕೋಟಿನ ಮೇಲುಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿಕೊಂಡರು. "ಕಳ್ಳಿ! ನನ್ನ ಕತ್ತಿ ನನ್ನ ಕೊರಳಿಗೇ!" ಎಂದು ಗುಡುಗಿ, ಕೊನೆಗೂ ಬಾಯಿಬಿಟ್ಟರು. "ಚರ್ಚಿನ ಊಟದ ದಿನ ನಾನೊಂದು ಕಥೆ ಹೇಳ್ತಿದ್ದೆ. ಊರಿಗೆ ಊರೇ ಉಸಿರು ಬಿಗಿಹಿಡ್ಕೊಂಡು ಕೂತಿತ್ತು. ಅಷ್ಟರಲ್ಲಿ ಈ ಉನಾಯಿಸಿ, ಮರಗೆಣಸು ಜಗೀತಾ, ಕೊನೆ ಹೇಳ್ಬಿಟ್ಲು!"

"ಅಷ್ಟೇನಾ?"

"ಅಷ್ಟೇನಾ ಅಂತೀಯಾ? ಮೂಗು ಕೊಯ್ದಿದ್ರೂ ಕ್ಷಮಿಸ್ತಿದ್ದೆ ಕಣೇ!"

ತರಾಯಿವಿನಿ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಬುಬು ಮಾತ್ರ ನಗಲಿಲ್ಲ. ಅವಳು ಹಾಳೆಗಳನ್ನು ಚಾಪೆಯ ಮೇಲೇ ಮರೆತು ಬಸ್ಸಿಗೆ ಓಡಿದಳು.

ಸಂಜೆ ಫೋನು ಬಂತು. ಅವಳ ಕಿರುಚಾಟ ನನಗೂ ಕೇಳಿಸುತ್ತಿತ್ತು. ನಿರ್ಮಾಪಕರು ಯಾಕೆಂದು ಕೇಳಿದರಂತೆ, ಇವಳು ಹೇಳಿದಳಂತೆ, ಕೋಣೆಗೆ ಕೋಣೆಯೇ ನಕ್ಕಿತಂತೆ, ಕಥೆ ಆಯ್ಕೆಯಾಯಿತಂತೆ! ಫೋನಿಟ್ಟ ಬುಬು ತುರಿಮಣೆಯ ಮೇಲೆ ಬಂದು ಕುಳಿತರು; ಕಾಯಿ ಎತ್ತಿಕೊಳ್ಳಲಿಲ್ಲ. ಆಮೇಲೆ ಎದ್ದು, ಕೋಟು ಸರಿಪಡಿಸಿಕೊಂಡು, ವಾಲಾಡುತ್ತ ಬೇಲಿಯ ಬಳಿ ಹೋದರು.

"ಏ ಉನಾಯಿಸಿ! ನಮ್ಮ ಜಗಳ ಕೊಟ್ಬಿಟ್ಟೆ ಕಣೇ. ಇನ್ನು ಅದು ತರಾಯಿವಿನೀದು, ಸಿನಿಮಾ ಆಗತ್ತಂತೆ. ನನ್ಹತ್ರ ಏನೂ ಉಳಿದಿಲ್ಲ."

ಬೇಲಿಯಾಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಒಂದು ಗೊಗ್ಗರು ದನಿ ಬಂತು: "ಕೊನೇಲಿ ಏನಾಗತ್ತೆ ಅಂತ ನಾನು ಹೇಳ್ಲಾ ಅತ್ತಿಗೆ?"

"ಹೇಳೇ ಮಾರಾಯ್ತಿ," ಎಂದರು ಬುಬು, ಎರಡೂ ಕೈಗಳಿಂದ ದಾಸವಾಳದ ಕೊಂಬೆಗಳನ್ನು ಸರಿಸುತ್ತ, "ಬೇಗ ಹೇಳು."

ಅನ್ಯರ ಕಥೆಗಳನ್ನು ತಿದ್ದಿಕೊಡುವವರ ಕುಲವೇ ಹೀಗೆಂದು ಈಗ ನನಗನ್ನಿಸುತ್ತದೆ. ನಮ್ಮ ಎದೆಯ ಹೊರೆಯನ್ನು ಅವರು ನಯವಾಗಿ ಬೇಡಿ ಇಳಿಸಿಕೊಳ್ಳುತ್ತಾರೆ, ನಾವು ಹಗುರಾಗಿ ಮನೆಗೆ ಓಡುತ್ತೇವೆ. ಅವರದ್ದನ್ನು ಬೇಡಲು ಯಾರಾದರೂ ಕೈಯೊಡ್ಡಲಿ ಎಂದು ಅವರೂ ಕಾಯುತ್ತಿರುತ್ತಾರೆಂಬುದು ನಮಗೆ ಹೊಳೆಯುವುದೇ ಇಲ್ಲ.