ಹಸಿರು ಜಿಲ್ಲೆಯ ಕೆಮ್ಮು

ಆಕೆ ಕಾಲಿಟ್ಟ ಜಿಲ್ಲೆಗೆ ಕ್ಷಯ ಹತ್ತುತ್ತದೆ ಎಂಬುದು ಇಲಾಖೆಯಲ್ಲಿ ಹಳೆಯ ಮಾತು. ಆಕೆ ಕಫ ಪರೀಕ್ಷಿಸುವ ಲ್ಯಾಬ್ ಟೆಕ್ನಿಷಿಯನ್. ಎಲ್ಲಿಗೆ ವರ್ಗವಾಗಿ ಹೋದರೂ ಆರು ತಿಂಗಳೊಳಗೆ ಗೋಡೆಯ ನಕ್ಷೆಯಲ್ಲಿ ಆ ಜಿಲ್ಲೆ ಕೆಂಪಾಗುತ್ತಿತ್ತು. ಬಿಟ್ಟು ಬಂದ ಜಿಲ್ಲೆ ಅಷ್ಟೇ ಬೇಗ ಹಸಿರಾಗುತ್ತಿತ್ತು. ಅದಕ್ಕೇ ಕೆಂಪಕ್ಕ ಎಂಬ ಹೆಸರು ಬಿದ್ದದ್ದು.

ಇದರಲ್ಲಿ ಮಾಟ ಮಂತ್ರವೇನೂ ಇರಲಿಲ್ಲ. ಗಾಜಿನ ಮೇಲೆ ಸವರಿದ ಕಫವನ್ನು ಸೂಕ್ಷ್ಮದರ್ಶಕದಡಿ ನೂರು ಜಾಗದಲ್ಲಿ ನೋಡಿ, ಕ್ರಿಮಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎಂದು ಬರೆಯಬೇಕೆಂಬ ನಿಯಮ ಎಲ್ಲ ಲ್ಯಾಬುಗಳ ಗೋಡೆಯ ಮೇಲೂ ಇತ್ತು. ಕೆಂಪಕ್ಕ ಅದನ್ನು ಗೋಡೆಯಿಂದ ಇಳಿಸಿ ಕಣ್ಣಿಗೆ ಹಚ್ಚಿಕೊಂಡಿದ್ದಳು, ಅಷ್ಟೆ.

“ನೀನು ಹುಡುಕೋದು ಜಾಸ್ತಿ ಆಯ್ತಮ್ಮಾ,” ಎಂದಿದ್ದರು ಹಿಂದಿನ ಜಿಲ್ಲೆಯ ಆರೋಗ್ಯಾಧಿಕಾರಿ ಸಾಹೇಬರು.

“ಹುಡುಕೋದು ಅಷ್ಟೇ ಸಾರ್, ಸಿಗೋದು ಜಾಸ್ತಿ ಆಯ್ತು.”

ಮರುವಾರವೇ ಅವಳನ್ನು ರೈಲಿನಲ್ಲಿ ಎಂಟು ಗಂಟೆ ದೂರದ ಜಿಲ್ಲೆಗೆ ಎತ್ತಿಹಾಕಿದರು. ಹಳೆಯ ಜಿಲ್ಲೆ ಹಸಿರಾಯಿತು, ಸಾಹೇಬರಿಗೆ ಪ್ರಶಸ್ತಿ ಫಲಕ ಬಂತು. ರೋಗ ಕಡಿಮೆಯಾಗಿದೆಯೆಂದು ಲ್ಯಾಬಿನ ಎರಡು ಹುದ್ದೆಗಳಲ್ಲಿ ಒಂದನ್ನು ರದ್ದು ಮಾಡಿದರು. ನೋಡುವವರು ಕಡಿಮೆಯಾದ ಮೇಲೆ ರೋಗ ಇನ್ನೂ ಕಡಿಮೆಯಾಯಿತು. ಇಷ್ಟು ಅಗ್ಗದ ಔಷಧ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ.

ಆ ಹಸಿರು ಜಿಲ್ಲೆಯಲ್ಲೇ ಅವಳ ತಂಗಿ ಇದ್ದಳು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಕೆಲಸ. ನಾಲ್ಕು ತಿಂಗಳ ಕೆಮ್ಮಿನ ನಂತರ, ಒಂದು ಮಧ್ಯಾಹ್ನ ಗಂಡನ ತೋಳು ಹಿಡಿದುಕೊಂಡು ಅಕ್ಕನ ಲ್ಯಾಬಿಗೇ ಬಂದಿಳಿದಳು. ಕುಪ್ಪಸದ ತೋಳು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಜೋಲುತ್ತಿತ್ತು. ಅವಳ ಗಾಜಿನ ಮೇಲೆ ನೂರು ಜಾಗ ನೋಡುವ ಅಗತ್ಯವೇ ಬೀಳಲಿಲ್ಲ. ಮೊದಲ ನೋಟದಲ್ಲೇ ನೀಲಿಯ ತುಂಬ ಕ್ಷಯದ ಕ್ರಿಮಿಯ ಕೆಂಪು ಕಡ್ಡಿಗಳು. ಎರಡೂ ಶ್ವಾಸಕೋಶ ಜರಡಿಯಾಗಿವೆ ಎಂದರು ಡಾಕ್ಟರು. ಆ ದಿನವೇ ವಾರ್ಡಿಗೆ ಸೇರಿಸಿದರು.

“ಮೂರು ತಿಂಗಳ ಹಿಂದೆನೇ ತೋರಿಸಿದ್ದೆ ಅಕ್ಕಾ. ಏನೂ ಇಲ್ಲ ಅಂದ್ರು.”

“ಆಗ ಇರ್ಲಿಲ್ಲ ಅತ್ತಿಗೆ,” ಎಂದ ಗಂಡ ವಾರ್ಡಿನ ಬಾಗಿಲಾಚೆಯಿಂದಲೇ. “ಚೀಟಿ ನಾನೇ ನೋಡಿದೀನಿ. ಆಮೇಲೆ ಅಂಟಿಸ್ಕೊಂಡಿದಾಳೆ. ರಕ್ತ ಬಿದ್ರೂ ಬಾಯಿ ಬಿಡ್ಲಿಲ್ಲ. ಎಲ್ಲಿ ಕಾರ್ಖಾನೇಲಿ ಇವಳ ಮಿಷನ್ನು ಬೇರೆಯವರ ಪಾಲಾಗುತ್ತೋ ಅಂತ. ಮಗೂನ ಪಕ್ಕದಲ್ಲೇ ಮಲಗಿಸ್ಕೊಂಡು.”

“ಇಲ್ಲ ಅಂದ್ರಲ್ಲ ಅಂತ ತಾನೇ ಮಲಗಿಸ್ಕೊಂಡೆ,” ಎಂದಳು ತಂಗಿ. ವಾರವಾದರೂ ಅವನು ವಾರ್ಡಿನ ಹೊಸ್ತಿಲು ದಾಟಲಿಲ್ಲ. ಊಟದ ಡಬ್ಬಿ ಆಯಾಳ ಕೈಲಿ ಒಳಗೆ ಹೋಗುತ್ತಿತ್ತು, ತುಂಬಿದಂತೆಯೇ ವಾಪಸಾಗುತ್ತಿತ್ತು.

“ನಾನು ಮುಚ್ಚಿಟ್ಟೆ ಅಂತಾರೆ,” ಎಂದಳು ತಂಗಿ ಎಂಟನೇ ದಿನ, ಪದಕ್ಕೊಮ್ಮೆ ನಿಂತು. “ಮಗು ದೊಡ್ಡವಳಾದ್ಮೇಲೂ ಹಂಗೇ ಹೇಳ್ತಾರೆ. ಆಗ ಇತ್ತೋ ಇಲ್ವೋ, ನೀನೇ ನೋಡಿ ಹೇಳು.”

ಮೇಲಿನವರು ಮರುಪರೀಕ್ಷೆಗೆ ಕೇಳಬಹುದೆಂದು ಹಳೆಯ ಗಾಜುಗಳನ್ನು ಡಬ್ಬಿಯಲ್ಲಿ ಜೋಡಿಸಿಡುತ್ತಾರೆ. ಹಸಿರು ಜಿಲ್ಲೆಯಲ್ಲಿ ಯಾರೂ ಕೇಳಿರಲಿಲ್ಲ. ಕೆಂಪಕ್ಕ ರೈಲು ಹತ್ತಿ ತನ್ನ ಹಳೆಯ ಲ್ಯಾಬಿಗೆ ಹೋದಾಗ ಅಲ್ಲಿದ್ದವನು ಅವಳೇ ಕೆಲಸ ಕಲಿಸಿದವನು. ಊಟಕ್ಕೆ ಮೊದಲು ಅರವತ್ತು ಗಾಜು ಮುಗಿಸುತ್ತಾನೆಂದು ಅವನಿಗೆ ಎಕ್ಸ್‌ಪ್ರೆಸ್ ಎಂದು ಹೆಸರಾಗಿತ್ತು.

“ಬನ್ನಿ ಅಕ್ಕಾ. ಮತ್ತೆ ನಮ್ಮನ್ನ ಕೆಂಪು ಮಾಡೋಕೆ ಬಂದ್ರಾ?” ಎಂದು ನಕ್ಕವನು ಅವಳ ಮುಖ ನೋಡಿ ಎದ್ದು, ಅವಳು ಚಾಚಿದ ತಂಗಿಯ ಹಳೆಯ ಚೀಟಿ ತೆಗೆದುಕೊಂಡ. ರಿಜಿಸ್ಟರಿನಲ್ಲಿ ನಂಬರು ಹುಡುಕಿ, ಗಾಜನ್ನು ತಾನೇ ತೆಗೆದುಕೊಟ್ಟ.

ಕೆಂಪಕ್ಕ ಸ್ಟೂಲೆಳೆದು ಕೂತಳು. ಹತ್ತು ಜಾಗ ಬರೀ ನೀಲಿ. ಇಪ್ಪತ್ತು, ಬರೀ ನೀಲಿ. ಮೂವತ್ತೊಂದನೆಯದರಲ್ಲಿ ಎರಡು ಕೆಂಪು ಕಡ್ಡಿಗಳು, ಬಿದ್ದು ಹೋದ ಗುಂಡುಪಿನ್ನುಗಳ ಹಾಗೆ. ಮುಂದೆ ಮತ್ತೆ ಮೂರು. ಎದ್ದು ಅವನಿಗೆ ಜಾಗ ಬಿಟ್ಟಳು. ಅವನು ಬಗ್ಗಿ ನೋಡಿದ, ತಲೆ ಎತ್ತಲು ತುಂಬ ಹೊತ್ತು ಹಿಡಿಯಿತು.

“ಇಪ್ಪತ್ತಕ್ಕೆ ನಿಲ್ಲಿಸ್ತೀನಿ ಅಕ್ಕಾ. ಒಬ್ಬನೇ. ಇಲ್ಲಾಂದ್ರೆ ಮುಗಿಯಲ್ಲ.”

“ಗೊತ್ತು. ಇದನ್ನ ಬರೆದು ಸಹಿ ಹಾಕಿಕೊಡು.”

ಅವನು ಸಾಹೇಬರ ಕೋಣೆಯ ಕಡೆ ಒಮ್ಮೆ ನೋಡಿದ. ಆಮೇಲೆ ಬರೆದ.

ಅವಳು ವಾಪಸು ಬಂದಾಗ ತಂಗಿಯ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು.

“ಇತ್ತು,” ಎಂದಳು ಕೆಂಪಕ್ಕ. “ಆಗಲೇ ಇತ್ತು. ಅವರು ಸರಿಯಾಗಿ ನೋಡ್ಲಿಲ್ಲ.”

ಇಂಥ ಸುದ್ದಿಗೆ ಯಾರಾದರೂ ಕಣ್ಣೀರು ಹಾಕಬೇಕು. ತಂಗಿಯ ಮುಖ ಮಾತ್ರ ಬಿಗಿಯಾಗಿ ಕಟ್ಟಿದ ಜಡೆ ಬಿಚ್ಚಿದಂತೆ ಸಡಿಲವಾಯಿತು. “ಅವ್ರಿಗೆ ಹೇಳು,” ಎಂದಳು.

ಹೊರಗೆ ಬೆಂಚಿನ ಮೇಲಿದ್ದ ಗಂಡ ಆ ಚೀಟಿಯನ್ನು ಎರಡು ಸಲ ಓದಿದ. “ಏನೂ ಇಲ್ದೆ ಕೆಮ್ತೀಯ ಅಂತ ಮೂರು ತಿಂಗಳಿಂದ ನಾನು ಇವಳಿಗೆ ಏನೇನಂದೆ, ನಿಮಗೆ ಗೊತ್ತಿಲ್ಲ ಅತ್ತಿಗೆ,” ಎಂದ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದ.

“ಅತ್ತಿಗೆ ಹೇಳಿದ್ರು,” ಎಂದ ಮಂಚದ ಪಕ್ಕ ನಿಂತು.

“ಏನಂತೆ?”

“ನೀನು ಮುಚ್ಚಿಡ್ಲಿಲ್ಲ ಅಂತ.”

“ಇನ್ನೊಂದ್ಸಲ ಹೇಳಿ.”

ಅವನು ಹೇಳಿದ. ಮರುದಿನವೂ ಹೇಳಿದ. ಮೂರನೇ ದಿನ ನರ್ಸು ನಳಿಕೆ ತೆಗೆದ ಮೇಲೂ ಅವನು ಹೇಳುತ್ತಲೇ ಇದ್ದ. ಕೆಂಪಕ್ಕ ಬಂದು ಭುಜ ಮುಟ್ಟಿ ನಿಲ್ಲಿಸಬೇಕಾಯಿತು.